ಕಳ್ಳನಿಗೆ ನಾನು ಕೊಟ್ಟ ಕುಂಟು

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆ ಠಾಣೆಯ ಅಂಗಳ ನೆನಪಾಗುತ್ತದೆ.

ನಾವಿದ್ದ ತೆಲುಗು ಸೀಮೆಯ ಲಿಂಗಂಪಲ್ಲಿ ಸಂತೆಯಲ್ಲಿ ಕಳ್ಳನೊಬ್ಬ ನನ್ನ ಚಿಕ್ಕಮ್ಮ ಚಿಗವ್ವನ ಸರ ಕಿತ್ತುಕೊಂಡು ಓಡಿದಾಗ ಪಕ್ಕದಲ್ಲೇ ನಾನಿದ್ದೆ. ಮೇಷ್ಟ್ರನ್ನೂ ಬಿಡದೆ ಅಣಕಿಸುವ ನಾನು ಕಳ್ಳನನ್ನು ಬಿಟ್ಟೇನೆ? ಓಣಿಯವರ ಮುಂದೆ ದಿನಾ ಅವನಂತೆ ಓಡಿ ತೋರಿಸಿದೆ. ನಗು ಕಡಿಮೆಯಾದಾಗ ಒಂದು ಕುಂಟನ್ನೂ ಸೇರಿಸಿದೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ಚಿಗವ್ವ.

ಹದಿನೈದು ದಿನದ ಮೇಲೆ ಪೊಲೀಸರು ನಮ್ಮನ್ನು ಠಾಣೆಗೆ ಕರೆಸಿ, ಅನುಮಾನದ ಮೇಲೆ ಹಿಡಿದ ಐವರನ್ನು ಅಂಗಳದಲ್ಲಿ ನಡೆಸಿದರು. ಕೊನೆಯವನು ಗಾರೆ ಕೆಲಸದವನು. ಪಾದಕ್ಕೆ ಸುಣ್ಣ ಮೆತ್ತಿತ್ತು, ಎಡಗಾಲು ಎಳೆಯುತ್ತಿದ್ದ. ಚಿಗವ್ವ ನನ್ನ ಕೈ ಹಿಸುಕಿದಳು.

"ಇವನ ನೋಡೋ! ಆ ಕುಂಟ ನಡಿಗಿ ನಾ ಮರಿತೀನೇನು?"

"ಪಕ್ಕಾ?" ಎಂದ ಪೊಲೀಸ. ಚಿಗವ್ವ ತಲೆಯಾಡಿಸಿದಳು.

"ಅಕ್ಕಾರ, ನಾ ಅಲ್ರಿ, ನಮ್ಮವ್ವನಾಣಿ," ಎಂದು ಆತ ನಮ್ಮದೇ ಕನ್ನಡದಲ್ಲಿ ಕೈಮುಗಿದ.

"ಚಿಗವ್ವಾ, ಕಳ್ಳ ಕುಂಟಿಲ್ಲಬೇ. ಅದನ್ನ ನಾ ಸೇರಿಸಿದ್ದು."

"ಸುಮ್ನಿರೋ ಮಂಗ್ಯಾ! ಇಲ್ಲಿನೂ ನಿನ್ನ ಚಾಷ್ಟಿ!"

ದಿಕ್ಕು ತೋಚದೆ ಅಂಗಳದ ಉದ್ದಕ್ಕೂ ಕುಂಟದೆ ಓಡಿ ತೋರಿಸಿದೆ. ಪೊಲೀಸರು ಹೊಟ್ಟೆ ಹಿಡಿದು ನಕ್ಕರು, ಚಿಗವ್ವನೂ ನಕ್ಕಳು. ಆತನೊಬ್ಬ ಮಾತ್ರ ನಗದೆ ನನ್ನ ಕಾಲುಗಳನ್ನೇ ನೋಡುತ್ತಿದ್ದ.