ಹಣೆಯ ಮೇಲಿನ ಶಿಲುಬೆ

ಆಫೀಸಿಗೆ ಹೊರಡುವ ಮುನ್ನ ಗಂಡ ಶೂ ಪಾಲಿಶ್ ಡಬ್ಬಿ ತೆರೆದರೆ, ನನ್ನ ಕೈ ಈಗಲೂ ತಾನಾಗಿ ಹಣೆಗೆ ಹೋಗುತ್ತದೆ.

ಆಗ ನಾವು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದೆವು; ನನಗೆ ಎಂಟು ವರ್ಷ. ಮೊದಲ ಪರಮಪ್ರಸಾದದ ದಿನ ಮಕ್ಕಳು ಹಿರಿಯರೆಲ್ಲರ ಆಶೀರ್ವಾದ ಬೇಡುವುದು ನಮ್ಮ ಮಂಗಳೂರು ಕ್ರೈಸ್ತರ ಪದ್ಧತಿ. ಅಜ್ಜ ಅಜ್ಜಿ ಊರಲ್ಲಿದ್ದರು. "ಪಕ್ಕದ್ಮನೆ ಅಂಕಲ್ ಇದ್ದಾರಲ್ಲ, ಅವರೂ ಹಿರಿಯರೇ," ಎಂದು ಅಮ್ಮ ಬಿಳಿ ಫ್ರಾಕ್ ತೊಟ್ಟಿದ್ದ ನನ್ನನ್ನು ಮಧ್ಯಾಹ್ನ ಅಲ್ಲಿಗೆ ಕರೆದೊಯ್ದಳು.

ಆ ಜರ್ಮನ್ ಮುದುಕರು ಬೂಟು ಉಜ್ಜುತ್ತಾ ಕೂತಿದ್ದರು. ಅಮ್ಮ ವಿಷಯ ಹೇಳಿದಾಗ ಅವರ ಕಣ್ಣು ಒದ್ದೆಯಾಯಿತು. ಪಾಲಿಶ್ ಮೆತ್ತಿದ ಹೆಬ್ಬೆರಳಿನಿಂದಲೇ ನನ್ನ ಹಣೆಗೆ ಶಿಲುಬೆಯ ಗುರುತು ಹಾಕಿದರು. ಆಮೇಲೆ ಪ್ರಾಯದ ಕಾಲದ ಒಂದು ಫೋಟೋ ತೋರಿಸಿದರು. ಸಮವಸ್ತ್ರದ ಗಂಡಸರು ಸಾಲಾಗಿ ನಿಂತು ನಗುತ್ತಿದ್ದರು.

"ಸೋಲ್ಜರ್ಸಾ?" ಎಂದಳು ಅಮ್ಮ.

"ಅಲ್ಲ, ಪೊಲೀಸ್ ರೆಜಿಮೆಂಟ್. ಯುದ್ಧದಲ್ಲಿ ನಮ್ಮವರು ಹಿಡಿದ ಹಳ್ಳಿಗಳಲ್ಲಿ ಶಿಸ್ತು ಕಾಪಾಡೋದು ನಮ್ಮ ಕೆಲಸ."

ಫೋಟೋದಲ್ಲಿ ಆ ಗಂಡಸರ ಹಿಂದಿದ್ದ ಮನೆಗಳ ಬಾಗಿಲೆಲ್ಲ ತೆರೆದೇ ಇದ್ದವು. ಹಗ್ಗದ ಮೇಲೆ ಒಂದು ಪುಟ್ಟ ಫ್ರಾಕ್ ಒಣಗುತ್ತಿತ್ತು.

"ಊರವರೆಲ್ಲ ಎಲ್ಲಿ?" ಎಂದು ಕೇಳಿದೆ.

"ಫೋಟೋ ತೆಗೆಯೋ ಹೊತ್ತಿಗೆ ಯಾರೂ ಉಳಿದಿರಲಿಲ್ಲ," ಎಂದು ಅವರು ಮತ್ತೆ ಬೂಟು ಕೈಗೆತ್ತಿಕೊಂಡರು.

ಅಮ್ಮನ ಹಿಡಿತಕ್ಕೆ ನನ್ನ ಕೈ ನೋಯತೊಡಗಿತು. ಗೇಟು ದಾಟಿದ್ದೇ ಅವಳು ಸೆರಗಿನ ತುದಿಗೆ ಎಂಜಲು ಹಚ್ಚಿ ನನ್ನ ಹಣೆ ತಿಕ್ಕಿದಳು.

"ಆಶೀರ್ವಾದ ಒರೆಸಬಾರ್ದು ಅಂತ ನೀನೇ ಹೇಳಿದ್ದಲ್ವಾ, ಅಮ್ಮ?"

ಕಪ್ಪು ಹೋಗಿ ಚರ್ಮ ಉರಿಯತೊಡಗಿದ ಮೇಲೂ ಅವಳು ತಿಕ್ಕುತ್ತಲೇ ಇದ್ದಳು.