ಮೀನಿನ ತೊಟ್ಟಿಯ ಚೋಕು

ಜೋಯಿಸರು ಮಗಳು ವಸುಧೆಯ ಜಾತಕವನ್ನು ಶ್ರೀಕಂಠನ ಜಾತಕದ ಪಕ್ಕ ಇಟ್ಟು ನೋಡಿ, ಸಾಲಾವಳಿ ಕೂಡುವುದಿಲ್ಲ ಎಂದುಬಿಟ್ಟಿದ್ದರು. ಮೂವತ್ತಾರು ಗುಣಗಳಲ್ಲಿ ಹೊಂದಿದ್ದು ಹನ್ನೊಂದೇ. ಆದರೆ ವಾಸ್ತುವಿಗೆಂದು ಪಡಸಾಲೆಯಲ್ಲಿಟ್ಟಿದ್ದ ಮೀನಿನ ತೊಟ್ಟಿಯ ದೀಪ ಮಂಕಾದಾಗ, ಊರಿಗೆಲ್ಲ ಒಬ್ಬನೇ ಎಲೆಕ್ಟ್ರಿಷಿಯನ್ ಆಗಿದ್ದ ಆ ಶ್ರೀಕಂಠನನ್ನೇ ಕರೆಸಬೇಕಾಯಿತು.

ಅವನು ದೀಪದ ಪಟ್ಟಿ ಬಿಚ್ಚಿ, ಟ್ಯೂಬಿಗೆ ಕರೆಂಟನ್ನು ಹದವಾಗಿ ಬಿಡುವ ಚೋಕನ್ನು ಬದಲಾಯಿಸಿ, ಸ್ವಿಚ್ಚು ಹಾಕಿದ. ತೊಟ್ಟಿ ಮಂಗಳಾರತಿಯ ಹೊತ್ತಿನ ಗರ್ಭಗುಡಿಯಂತೆ ಬೆಳಗಿತು. ಮೀನುಗಳಿಗೂ ದರ್ಶನ ಕೊಡುವ ಕಳೆ ಬಂತು.

"ಭೇಷ್! ಹೊಸ ಟ್ಯೂಬೇನೋ?"

"ಅದೇ ಟ್ಯೂಬು ಮಾವ. ಚೋಕು ಮಾತ್ರ ದೊಡ್ಡದು. ಲೆಕ್ಕದ ಪ್ರಕಾರ ಇವೆರಡೂ ಜೋಡಿ ಆಗಲ್ಲ. ಆದ್ರೂ ಹೇಗೆ ಬೆಳಗ್ತಿದೆ ನೋಡಿ."

"ಮಾವ ಅನ್ನಬೇಡ." ಮಾತು ಎತ್ತ ಹೊರಟಿದೆಯೆಂದು ಜೋಯಿಸರಿಗೆ ತಿಳಿಯಿತು. "ಎಷ್ಟು ದಿನ ಬಾಳುತ್ತೋ ಇದು? ಎದುರಿಗೆ ದೇವರ ಫೋಟೋ ಇದೆ, ನಿಜ ಹೇಳು."

ಶ್ರೀಕಂಠ ತಲೆ ಕೆರೆದುಕೊಂಡ. "ಸರಿಜೋಡಿಯಷ್ಟು ಬಾಳಿಕೆ ಬರಲ್ಲ. ಬೇಗ ಸುಟ್ಟುಹೋಗುತ್ತೆ."

"ಕೇಳಿಸಿತೇನೇ? ಅವನ ಬಾಯಲ್ಲೇ ಬಂತು!" ಜೋಯಿಸರು ಗೆದ್ದವರಂತೆ ಅಡುಗೆಮನೆಯತ್ತ ಕೂಗಿದರು. ಬಾಗಿಲಲ್ಲಿ ನಿಂತಿದ್ದ ವಸುಧೆಯ ಮುಖ ಬಾಡಿತು.

ಜೋಯಿಸರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ತೊಟ್ಟಿಯನ್ನು ಕಣ್ತುಂಬ ನೋಡಿದರು.

"ಏನ್ರೀ, ನಮ್ಮದು ಮೂವತ್ತಾರಕ್ಕೆ ಮೂವತ್ತಾರೂ ಕೂಡಿತ್ತಲ್ಲ, ಒಂದು ದಿನಕ್ಕಾದ್ರೂ ಹೀಗೆ ಬೆಳಗಿದ್ವಾ?"