ಮೂರನೇ ರೋಲರಿನ ಚೀಟಿಗಳು

ಫಿಟ್ಟರ್ ಇವತ್ತೂ ಈ ಕಡೆ ತಿರುಗಲಿಲ್ಲ. ಹೆಗಲಿಗೆ ಸ್ಪ್ಯಾನರ್ ಚೀಲ, ಕಣ್ಣು ನೆಲದ ಮೇಲೆ, ಸೀದಾ ಎದುರು ಶೆಡ್ಡಿನೊಳಕ್ಕೆ ಹೋದ. ಅಕ್ಕ ಮಡಚುತ್ತಿದ್ದ ಬೆಡ್‌ಶೀಟನ್ನು ಅಷ್ಟಕ್ಕೇ ಬಿಟ್ಟು ಅವನ ಬೆನ್ನನ್ನೇ ನೋಡಿದಳು. ಚೀಟಿಗಳನ್ನು ಹರಿದು ಬಿಸಾಕುತ್ತಿರುವವನು ಇವನೇ. ಇನ್ಯಾರು?

ಅದು ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿ. ಎದುರುಬದುರು ಎರಡು ಶೆಡ್ಡು, ಎರಡರಲ್ಲೂ ಅವೇ ಹಳೇ ಬಿಸಿ ರೋಲರುಗಳು. ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ. ಅದಕ್ಕೆ ಬೆರಳು ತಾಗಿದರೆ ಸಾಕು, ಯಂತ್ರ ಗಪ್ಪನೆ ನಿಲ್ಲಬೇಕು. ಈ ಶೆಡ್ಡಿನ ಮೂರನೇ ರೋಲರಿಗೆ ಪಟ್ಟಿಯೇನೋ ಇತ್ತು, ನಿಲ್ಲುವ ಬುದ್ಧಿ ಇರಲಿಲ್ಲ. ಅದರ ಬಾಯಿಗೆ ದಿನವಿಡೀ ಬಟ್ಟೆ ಕೊಡುತ್ತಿದ್ದವಳು ಅಕ್ಕನ ಒಡಹುಟ್ಟಿದ ತಂಗಿ.

ಐದೂವರೆ ತಿಂಗಳ ಹಿಂದೆ ಮೇಷ್ಟ್ರು ಬಂದರು. ನಿಜವಾಗಿ ಮೇಷ್ಟ್ರಲ್ಲ, ಮನುಷ್ಯರ ನಡವಳಿಕೆಯನ್ನೇ ಓದಿಕೊಂಡವರು, ಕೆಲಸದ ಜಾಗದಲ್ಲಿ ಜನರ ಅಭ್ಯಾಸ ತಿದ್ದಲು ಮ್ಯಾನೇಜರು ಕರೆಸಿದವರು. ಮೆತ್ತಗೆ ಮಾತಾಡುತ್ತಾರೆ ಅಂತ ಹೆಂಗಸರೇ ಇಟ್ಟ ಹೆಸರು ಅದು.

"ಅಪಾಯ ಕಂಡರೂ ಇಲ್ಲಿ ಯಾರೂ ಬಾಯಿ ಬಿಡಲ್ಲ. ಬೈತಾರೆ ಅನ್ನೋ ಭಯ," ಅಂದಿದ್ದರು ಮೊದಲ ದಿನ. "ಇನ್ಮೇಲೆ ಕಂಡದ್ದನ್ನ ಚೀಟೀಲಿ ಬರೆದು ಈ ಡಬ್ಬಕ್ಕೆ ಹಾಕಿ. ಬೈಯೋರು ಯಾರೂ ಇಲ್ಲ."

ಬೈಯಲಿಲ್ಲ, ನಿಜ. ಚೀಟಿ ಡಬ್ಬಕ್ಕೆ ಬೀಳುವುದೇ ತಡ, ಮೇಷ್ಟ್ರು ಹಾಜರು. "ಥ್ಯಾಂಕ್ಸ್ ಅಮ್ಮ. ನೀವು ಬರೆದದ್ದು ನಾಲ್ಕು ಜನಕ್ಕೆ ಒಳ್ಳೇದು." ಬೋರ್ಡಿನಲ್ಲಿ ಹೆಸರಿನ ಮುಂದೆ ಒಂದು ನಕ್ಷತ್ರ. ಅವರ ಅಂಗೈಯ ಪುಟ್ಟ ಎಣಿಕೆ ಯಂತ್ರ ಟಿಕ್ ಅನ್ನುತ್ತಿತ್ತು. ಹತ್ತು ವರ್ಷ "ಏ, ಇವಳೇ" ಅನ್ನಿಸಿಕೊಂಡು ದುಡಿದವಳಿಗೆ ಒಬ್ಬರು ಎದುರು ನಿಂತು "ಥ್ಯಾಂಕ್ಸ್ ಅಮ್ಮ" ಅಂದರೆ ಹೇಗಾಗಬೇಡ! ಅಕ್ಕ ಬೆಣ್ಣೆಯ ಹಾಗೆ ಕರಗಿಹೋದಳು.

ಮೊದಲ ಚೀಟಿ ಅವಳದೇ: ಮೂರನೇ ರೋಲರಿನ ಪಟ್ಟಿ ಕೆಟ್ಟಿದೆ. ಮರುದಿನವೂ ಅದೇ ಚೀಟಿ. ಅದರ ಮರುದಿನವೂ. ಬರೆಯಲು ಬಾರದವರಿಗೆ ತಾನೇ ಬರೆದುಕೊಟ್ಟಳು. ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಬೆನ್ನು ಹತ್ತಿ, ಗೋಗರೆದು ಬರೆಸಿದಳು. ಸಾಕಾಗಿ ಕೈಬಿಟ್ಟವರನ್ನು ಮತ್ತೆ ಎಳೆದು ತಂದಳು.

"ನಿನ್ನ ಚೀಟಿ ತಿಂದೂ ತಿಂದೂ ಆ ಡಬ್ಬಕ್ಕೆ ಅಜೀರ್ಣ ಆಗಿದೆ ಕಣೇ," ಅಂದಳು ಒಗೆಯುವ ಕಡೆಯ ಮುದುಕಿ. "ರೋಲರ್ ಮಾತ್ರ ಇದ್ದ ಹಾಗೇ ಇದೆ."

"ಮೇಷ್ಟ್ರು ನಮ್ಮ ಕಡೆ ಇದ್ದಾರೆ ಅಜ್ಜಿ. ಮಧ್ಯದಲ್ಲಿ ಯಾರೋ ಕೈಯಾಡಿಸ್ತಿದ್ದಾರೆ."

ಯಾರೋ ಅಂದರೆ ಫಿಟ್ಟರ್. ಎದುರು ಶೆಡ್ಡಿನವರು ಬೆಳಿಗ್ಗೆ ಚೀಟಿ ಹಾಕಿದರೆ ಮಧ್ಯಾಹ್ನಕ್ಕೆ ರಿಪೇರಿ. ಇಲ್ಲಿಗೆ ಮಾತ್ರ ಅವನ ಕಾಲು ಬರದು. ಹೋದ ವರ್ಷ ತಂಗಿಯನ್ನು ಮದುವೆಗೆ ಕೇಳಿದ್ದ, ಅವಳು ನಕ್ಕುಬಿಟ್ಟಿದ್ದಳು. ಆ ಹೊಟ್ಟೆಯುರಿ ಈಗ ತೀರಿಸಿಕೊಳ್ಳುತ್ತಿದ್ದಾನೆ.

ಅವನು ಹೊರಗೆ ಬಂದ ಕೂಡಲೇ ಅಕ್ಕ ಅಡ್ಡ ನಿಂತಳು. "ಏನಪ್ಪಾ, ನಮ್ಮ ಶೆಡ್ಡಿಗೆ ಬಂದರೆ ನಿನ್ನ ಚಪ್ಪಲಿ ಸವೆದುಹೋಗುತ್ತಾ?"

"ನಾನು ಒಳಗೆ ಬರೋ ಹಾಗಿಲ್ಲ ಅಕ್ಕ."

"ಹಾಗಂತ ಯಾರು ಹೇಳಿದ್ದು?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಹೇಳಿದರೆ ನನ್ನ ಕೆಲಸ ಹೋಗುತ್ತೆ. ನಿಮ್ಮ ತಂಗೀನ ಆ ರೋಲರಿಂದ ಬಿಡಿಸಿ, ಅಷ್ಟೇ."

ನೋಡಿದಿರಾ, ಬೆದರಿಕೆ ಬೇರೆ! ಅಕ್ಕ ನೇರ ಮೇಷ್ಟ್ರ ಹತ್ತಿರ ಹೋಗಿ ಒದರಿದಳು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ನಿಮ್ಮ ಶೆಡ್ಡಿಂದ ಇಷ್ಟೊಂದು ಚೀಟಿ ಬರುತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ ಅಮ್ಮ. ಇನ್ನು ಹನ್ನೊಂದೇ ದಿನ. ಬರೆಯೋದು ಮಾತ್ರ ನಿಲ್ಲಿಸಬೇಡಿ."

ಹನ್ನೊಂದೇ ದಿನ! ಅಕ್ಕ ಹಾರಿಕೊಂಡೇ ಬಂದಳು. ತಂಗಿ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಳು. "ಅಕ್ಕ, ನನಗೆ ಭಯ ಆಗುತ್ತೆ. ಮಡಚೋ ಕಡೆಗೆ ಹಾಕಿ ಅಂತ ಕೇಳ್ಕೊಳ್ಲಾ?"

"ಇಷ್ಟು ದಿನ ಕಾದಿದ್ದೀವಿ, ಹನ್ನೊಂದು ದಿನ ತಡ್ಕೊಳ್ಳೇ. ನೀನೇ ಎದ್ದು ಹೋದರೆ ರೋಲರ್ ಸರಿ ಮಾಡಿ ಅಂತ ನಾವು ಯಾವ ಮುಖ ಇಟ್ಕೊಂಡು ಕೇಳೋದು?"

ತಂಗಿ ತಡೆದುಕೊಂಡಳು. ಅಕ್ಕನ ಮಾತು ಅವಳು ಯಾವತ್ತೂ ಮೀರಿದವಳಲ್ಲ.

ಒಂಬತ್ತನೇ ದಿನ ಒದ್ದೆ ಬೆಡ್‌ಶೀಟಿನ ಅಂಚು ಅವಳ ಬೆರಳಿಗೆ ಸುತ್ತಿಕೊಂಡಿತು. ಪಟ್ಟಿ ಬಾಗಿತು. ರೋಲರ್ ನಿಲ್ಲಲಿಲ್ಲ. ಕಿರುಚಾಟ ಕೇಳಿ ಎದುರು ಶೆಡ್ಡಿನಿಂದ ಓಡಿಬಂದು ಮೇನ್ ಸ್ವಿಚ್ ಎಳೆದವನು ಫಿಟ್ಟರ್. ಅಷ್ಟರಲ್ಲಿ ಬಲಗೈ ಮಣಿಕಟ್ಟಿನವರೆಗೂ ಒಳಗೆ ಹೋಗಿತ್ತು.

ಅದಾದ ಮೂರನೇ ದಿನ, ಕೈ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ, ಅಕ್ಕ ಆಸ್ಪತ್ರೆಯಿಂದ ಸೀದಾ ಮೇಷ್ಟ್ರ ಕೋಣೆಗೆ ಬಂದಳು. ಹಾಗೆ ಓಡಿಬಂದು ಸ್ವಿಚ್ ಎಳೆದ ಫಿಟ್ಟರ್ ಚೀಟಿ ಹರಿದಿರಲಾರ. ಹಾಗಾದರೆ ಮಧ್ಯದಲ್ಲಿ ಕೈಯಾಡಿಸಿದವನು ಯಾರು? ಅವನ ಹೆಸರು ಬೇಕಿತ್ತು ಅವಳಿಗೆ. ಅದನ್ನು ಹುಡುಕಿ ಕೊಡುವವರಿದ್ದರೆ ಮೇಷ್ಟ್ರೊಬ್ಬರೇ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ಮ್ಯಾನೇಜರಿಗೆ ಕೊಡಲು ಸಿದ್ಧವಾಗಿದ್ದ ಒಂದು ಹಾಳೆ. ಅದರಲ್ಲಿ ಚೀಟಿಗಳ ಲೆಕ್ಕ ತೋರಿಸುವ ಎರಡು ಗೆರೆ, ಒಂದಕ್ಕೊಂದು ಅಂಟಿಕೊಂಡೇ ಮೇಲೇರಿದ್ದವು. ಒಂದರ ಪಕ್ಕ ಬರೆದಿತ್ತು: 'ಎದುರು ಶೆಡ್. ಚೀಟಿಗೆ ರಿಪೇರಿ.' ಇನ್ನೊಂದರ ಪಕ್ಕ: 'ಈ ಶೆಡ್. ಚೀಟಿಗೆ ಮೆಚ್ಚುಗೆಯ ಮಾತು ಮಾತ್ರ. ಆರು ತಿಂಗಳು ಫಿಟ್ಟರ್ ಒಳಗೆ ಹೋಗಕೂಡದು.'

ಕೆಳಗೆ, ಮೇಷ್ಟ್ರ ದುಂಡನೆಯ ಸಹಿಯ ಮೇಲೆ, ಒಂದೇ ಸಾಲು: 'ರಿಪೇರಿ ಮಾಡದಿದ್ದರೂ ಚೀಟಿಗಳು ಅಷ್ಟೇ ಬರುತ್ತವೆ, ಮುಂದಿನ ತಿಂಗಳಿನಿಂದ ಎರಡೂ ಶೆಡ್‌ಗಳಿಗೆ ಮೆಚ್ಚುಗೆ ಸಾಕು.'